ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ ಕ್ಯಾಪ್ಸೂಲ್: ಮದ್ದು ಒಳ್ಳೆಯದು, ಅಳತೆಯದೇ ತೊಡಕು

ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಇರುವವರ ಮನೆಯಲ್ಲಿ ಮಾತ್ರೆಗಳಿಗೇನೂ ಬರವಿಲ್ಲ. ಫೋಲಿಕ್ ಆಸಿಡ್ ಇರುತ್ತದೆ, ನೋವಿನ ಮಾತ್ರೆ ಇರುತ್ತದೆ, ಐದು ವರ್ಷದೊಳಗಿನ ಮಗುವಿದ್ದರೆ ಪೆನಿಸಿಲಿನ್ ಇರುತ್ತದೆ. ಆದರೆ ಕಾಯಿಲೆಯ ಬುಡಕ್ಕೇ ಕೈ ಹಾಕುವ, ಜೊತೆಗೆ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಸಿಗುವಂಥ ಮದ್ದು ಹೈಡ್ರಾಕ್ಸಿಯೂರಿಯಾ ಒಂದೇ. ಬರುವುದು 500 ಮಿ.ಗ್ರಾಂ ಕ್ಯಾಪ್ಸೂಲ್ ಆಗಿ. ಸೈಟೋಡ್ರಾಕ್ಸ್, ಹೈಡ್ರಿಯಾ ಹೀಗೆ ಹೆಸರು ಬೇರೆ ಬೇರೆ ಇರುತ್ತದೆ. ಕೆಲವು ಪ್ಯಾಕಿನ ಮೇಲೆ ಹೈಡ್ರಾಕ್ಸಿಕಾರ್ಬಮೈಡ್ ಎಂದು ಬರೆದಿರುತ್ತಾರೆ, ಅದೂ ಇದೇ. ಕಂಪನಿ ಬದಲಾದರೆ ಕ್ಯಾಪ್ಸೂಲಿನ ಬಣ್ಣ ಬದಲಾಗುತ್ತದೆ, ಒಳಗಿನ ಮದ್ದು ಬದಲಾಗುವುದಿಲ್ಲ. ಹೋದ ತಿಂಗಳಿನದು ಬೇರೆ ಬಣ್ಣ ಇತ್ತು, ಇದು ಬೇರೆ ಮಾತ್ರೆ ಇರಬೇಕು ಎಂದು ನುಂಗುವುದನ್ನೇ ಬಿಟ್ಟವರಿದ್ದಾರೆ. ಅದಕ್ಕೇ ಇದನ್ನು ಮೊದಲು ಹೇಳಬೇಕಾಯಿತು.

ಔಷಧಿಯಾಗಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು. ಅಂಕ ಕಳೆಯಬೇಕಾದದ್ದು ಅದು ನಮ್ಮ ಕೈಗೆ ಬರುವ ರೂಪಕ್ಕೆ: ಹಸುಗೂಸಿಗೂ ಆಳಿಗೂ ಒಂದೇ ಅಳತೆ, ಕ್ಯಾನ್ಸರ್ ಮಾತ್ರೆ ಎಂದು ಹೆದರಿಸುವ ಇಂಗ್ಲಿಷ್ ಚೀಟಿ, ಕನ್ನಡದಲ್ಲಿ ಒಂದು ಸಾಲೂ ಇಲ್ಲದ ಸ್ಟ್ರಿಪ್. ಮದ್ದು ಸೋಲುತ್ತಿರುವುದು ಇಂಥ ಕಡೆಗಳಲ್ಲೇ.

ಕರ್ನಾಟಕದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಚಾಮರಾಜನಗರ, ಮೈಸೂರಿನ ಹೆಗ್ಗಡದೇವನಕೋಟೆ ಕಡೆ ಮತ್ತು ಕೊಡಗಿನ ಪೋಡು, ಹಾಡಿ ಎನ್ನುವ ಬುಡಕಟ್ಟು ಜನರ ಊರುಗಳಲ್ಲಿ, ಅಂದರೆ ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳಲ್ಲಿ. ಭಾರತದಲ್ಲಿ ಸಿಕಲ್ ಸೆಲ್ ಇದೆ ಎಂದು 1952ರಲ್ಲಿ ಮೊದಲು ವರದಿಯಾದದ್ದೂ ಪಕ್ಕದ ನೀಲಗಿರಿಯಿಂದಲೇ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ಹಾಗೆ ಪರೀಕ್ಷೆಯಾಗಿ ಕಾಯಿಲೆ ಇದೆ ಎಂದು ತಿಳಿದವರಿಗೆ ಮುಂದೆ ವರ್ಷಗಟ್ಟಲೆ ಜೊತೆಗಿರುವುದು ಈ ಕ್ಯಾಪ್ಸೂಲ್.

ಯಾರಿಗೆ ಬೇಕು, ಯಾರಿಗೆ ಬೇಡ

ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದವರಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು. ವಾಹಕರಿಗೆ ಈ ಮಾತ್ರೆ ಬೇಕಿಲ್ಲ, ಕೊಡಲೂಬಾರದು. ಹಾಡಿಯಲ್ಲಿ ಬೆರಳು ಚುಚ್ಚಿ ಹತ್ತು ನಿಮಿಷದಲ್ಲಿ ಹೇಳುವ ಪಟ್ಟಿ ಪರೀಕ್ಷೆ ಒಳ್ಳೆಯದೇ, ಆದರೆ ಅದು ಯಾವ ಹಿಮೋಗ್ಲೋಬಿನ್ ಇದೆ ಎನ್ನುತ್ತದೆಯೇ ಹೊರತು ಎಷ್ಟಿದೆ ಎನ್ನುವುದಿಲ್ಲ. ಒಂದು ಕಡೆಯಿಂದ ಸಿಕಲ್, ಇನ್ನೊಂದು ಕಡೆಯಿಂದ ಸೌಮ್ಯ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಇನ್ನೊಂದು ಹುಟ್ಟುದೋಷ) ಬಂದವರು ಆ ಪಟ್ಟಿಯಲ್ಲಿ ಬರೀ ವಾಹಕರಂತೆ ಕಾಣುತ್ತಾರೆ. ವಾಹಕ ಎಂದು ಚೀಟಿ ಕೊಟ್ಟಿದ್ದಾರೆ, ಆದರೂ ಕೈಕಾಲು ನೋವು ಮತ್ತೆ ಮತ್ತೆ ಬರುತ್ತಿದೆ ಎಂದರೆ ಹಿಮೋಗ್ಲೋಬಿನ್ ಬಗೆಯನ್ನೂ ಪ್ರಮಾಣವನ್ನೂ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು. ನೀರು ಕದಡುತ್ತದೋ ಇಲ್ಲವೋ ನೋಡುವ ಸಾಲ್ಯುಬಿಲಿಟಿ ಪರೀಕ್ಷೆಯಂತೂ ವಾಹಕರು ಯಾರು, ಕಾಯಿಲೆಯವರು ಯಾರು ಎಂದು ಬೇರ್ಪಡಿಸುವುದೇ ಇಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ, ತೀರಾ ರಕ್ತ ಕಡಿಮೆ ಇರುವವರಲ್ಲಿ ಅದು ಇಲ್ಲ ಎಂದು ತಪ್ಪು ಹೇಳುವುದೂ ಉಂಟು. ಎಚ್‌ಪಿಎಲ್‌ಸಿ ವರದಿ ಇಲ್ಲದೆ ಈ ಕ್ಯಾಪ್ಸೂಲ್ ಶುರು ಮಾಡುವುದು ಸರಿಯಲ್ಲ.

ಒಳಗೆ ಏನು ಮಾಡುತ್ತದೆ

ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಸಿಕಲ್ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳಿನಂತಾಗುತ್ತದೆ, ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೆ ಒಡೆಯುತ್ತದೆ. ಅಲ್ಲಿಂದಲೇ ಮೂಳೆ ನೋವು, ಹಳದಿ ಕಣ್ಣು, ಆಯಾಸ, ಸೋಂಕು. ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರಿಗೂ ಇರುವ ಭ್ರೂಣದ ಹಿಮೋಗ್ಲೋಬಿನ್ ಈ ಅಂಟುವಿಕೆಗೆ ಅಡ್ಡ ಬರುತ್ತದೆ. ಹೈಡ್ರಾಕ್ಸಿಯೂರಿಯಾ ಅದನ್ನೇ ಮತ್ತೆ ಹೆಚ್ಚಿಸುತ್ತದೆ. ಜೊತೆಗೆ ನಾಳದ ಗೋಡೆಗೆ ಅಂಟುವ ಬಿಳಿಕಣಗಳನ್ನೂ ತಗ್ಗಿಸುತ್ತದೆ.

ಇದು ಬಾಯಿಮಾತಿನ ನಂಬಿಕೆಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 299 ವಯಸ್ಕರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ದಿಲ್ಲದ ಹುಸಿಮಾತ್ರೆ ತೆಗೆದುಕೊಂಡವರಿಗೆ ವರ್ಷಕ್ಕೆ 4.5ರಷ್ಟು ನೋವಿನ ದಾಳಿ ಬಂದರೆ ಈ ಮಾತ್ರೆ ತೆಗೆದುಕೊಂಡವರಿಗೆ ಬಂದದ್ದು 2.5, ಎದೆಯ ತೊಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಬಂತು, ರಕ್ತ ಹಾಕಿಸುವ ಅಗತ್ಯವೂ ತಗ್ಗಿತು. ಅದೇ ಜನರನ್ನು ಒಂಬತ್ತು ವರ್ಷ ಗಮನಿಸಿದಾಗ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 40ರಷ್ಟು ಕಡಿಮೆ ಕಂಡಿತು. ನಮಗೆ ಇನ್ನೂ ಹತ್ತಿರದ್ದು ಒಡಿಶಾದ ಸಂಬಲ್‌ಪುರ ಮತ್ತು ನಾಗಪುರದ ವೈದ್ಯರ ಅನುಭವ: ಕೆ.ಜಿ.ಗೆ ಬರೀ 10 ಮಿ.ಗ್ರಾಂ ಕೊಟ್ಟರೂ ನಮ್ಮ ರೋಗಿಗಳಲ್ಲಿ ನೋವು ಮತ್ತು ರಕ್ತ ಹಾಕಿಸುವುದು ಚೆನ್ನಾಗಿ ತಗ್ಗುತ್ತದೆ.

ಅಳತೆಯ ಲೆಕ್ಕ

ಸಾಮಾನ್ಯವಾಗಿ ದಿನಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂನಿಂದ ಶುರು. ರಕ್ತದ ವರದಿ ನೋಡಿಕೊಂಡು ಮೆಲ್ಲನೆ ಏರಿಸುತ್ತಾರೆ. ಎಷ್ಟೇ ಆದರೂ 35 ದಾಟುವುದಿಲ್ಲ. 50 ಕೆ.ಜಿ. ತೂಕದವರಿಗೆ 10ರಂತೆ ದಿನಕ್ಕೊಂದು ಕ್ಯಾಪ್ಸೂಲ್ ಸರಿಹೋಯಿತು. 15ರಂತೆ ಎಂದರೆ 750 ಮಿ.ಗ್ರಾಂ: ಒಂದು ದಿನ ಒಂದು, ಮರುದಿನ ಎರಡು. ಅದೇ 15ರಂತೆ 33 ಕೆ.ಜಿ. ಹುಡುಗಿಗೆ ದಿನಕ್ಕೊಂದು. ಇಲ್ಲಿಯವರೆಗೆ ಸಲೀಸು.

ತೊಡಕು ಅದಕ್ಕಿಂತ ಕೆಳಗೆ. 20 ಕೆ.ಜಿ. ಮಗುವಿಗೆ 15ರಂತೆ ದಿನಕ್ಕೆ 300 ಮಿ.ಗ್ರಾಂ ಬೇಕು, ಇರುವುದು 500ರ ಕ್ಯಾಪ್ಸೂಲ್. ಆಗ ವೈದ್ಯರು ವಾರದ ಲೆಕ್ಕ ಹಾಕುತ್ತಾರೆ: 300ರಂತೆ ಏಳು ದಿನಕ್ಕೆ 2100, ಅಂದರೆ ವಾರಕ್ಕೆ ನಾಲ್ಕು ಕ್ಯಾಪ್ಸೂಲ್. 25 ಕೆ.ಜಿ. ಆದರೆ ಐದು. ವಾರಕ್ಕೆ ನಾಲ್ಕು ಎಂದಷ್ಟೇ ಹೇಳಿ ಕಳಿಸಿದರೆ ಮನೆಯಲ್ಲಿ ಖಂಡಿತ ಗೊಂದಲವಾಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಎಂದು ವಾರದ ಹೆಸರು ಹೇಳಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿ, ನುಂಗಿದ ಮೇಲೆ ಗೀಟು ಎಳೆಯುವುದು ಒಳ್ಳೆಯದು. ಓದು ಬಾರದವರಿಗೂ ಇದು ನಡೆಯುತ್ತದೆ.

12 ಕೆ.ಜಿ.ಯ ಮಗುವಿಗೆ ಈ ಉಪಾಯವೂ ಆಗದು. ಬೇಕಾದದ್ದು ದಿನಕ್ಕೆ 180 ಮಿ.ಗ್ರಾಂ. ಒಂದೇ ಸಲ 500 ಕೊಟ್ಟರೆ ಆ ದಿನ ಕೆ.ಜಿ.ಗೆ 40 ದಾಟುತ್ತದೆ. ದ್ರವರೂಪದ ಔಷಧಿ ಸಿಗದ ಕಡೆ ವೈದ್ಯರು ಕ್ಯಾಪ್ಸೂಲ್ ಬಿಚ್ಚಿ ನೀರಿನಲ್ಲಿ ಕರಗಿಸಲು ಹೇಳಿಕೊಡುತ್ತಾರೆ. ಅವರು ತೋರಿಸಿಕೊಟ್ಟ ಮೇಲಷ್ಟೇ ಮಾಡಬೇಕಾದ ಕೆಲಸ ಇದು. ಕೈಗೆ ಗ್ಲೌಸ್, ಮೂಗು ಬಾಯಿಗೆ ಮಾಸ್ಕ್. ಇದಕ್ಕೆಂದೇ ಬೇರೆ ಇಟ್ಟ ಸಣ್ಣ ಲೋಟಕ್ಕೆ ಕುದಿಸಿ ಪೂರ್ತಿ ಆರಿಸಿದ ನೀರನ್ನು ಸಿರಿಂಜಿನಲ್ಲಿ 10 ಮಿ.ಲೀ. ಅಳೆದು ಹಾಕಬೇಕು. ಬಿಸಿನೀರು ಬೇಡ, ಮದ್ದು ಕೆಡುತ್ತದೆ. ಕ್ಯಾಪ್ಸೂಲಿನ ಎರಡು ಭಾಗವನ್ನು ತಿರುಚಿ ಬಿಚ್ಚಿ, ಬಿಳಿ ಪುಡಿಯನ್ನು ಲೋಟದ ಒಳಗೇ ಬಗ್ಗಿಸಿ ಉದುರಿಸಿ, ಕೆಲವು ನಿಮಿಷ ಕಲಕಬೇಕು. ಮದ್ದು ನೀರಲ್ಲಿ ಕರಗುತ್ತದೆ. ತಳದಲ್ಲಿ ಉಳಿಯುವ ಬಿಳಿ ಗಸಿ ಕ್ಯಾಪ್ಸೂಲ್ ತುಂಬಿಸಲು ಬಳಸಿದ ಪುಡಿ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಈಗ 1 ಮಿ.ಲೀ.ನಲ್ಲಿ 50 ಮಿ.ಗ್ರಾಂ ಇದೆ. 180ಕ್ಕೆ 3.6 ಮಿ.ಲೀ. ಎಳೆದು ಮಗುವಿನ ಕೆನ್ನೆಯ ಒಳಬದಿಗೆ ಬಿಡಬೇಕು. ಉಳಿದದ್ದನ್ನು ನಾಳೆಗೆ ಇಡದೆ ವೈದ್ಯರು ಹೇಳಿಕೊಟ್ಟ ರೀತಿಯಲ್ಲೇ ಚೆಲ್ಲಬೇಕು. ಬಸುರಿ ಇದನ್ನು ಮುಟ್ಟಬಾರದು. ತಾಯಿ ಬಸುರಿಯಾಗಿದ್ದರೆ ಅಪ್ಪನೋ ಅಜ್ಜಿಯೋ ಮಾಡಲಿ.

ಇಷ್ಟೆಲ್ಲ ಮಾಡಿ ದಿನಾ ಮೂರನೇ ಎರಡು ಭಾಗ ಮದ್ದು ಚೆಲ್ಲುವುದು, ಹಾಡಿಯ ಮನೆಯೊಂದರಲ್ಲಿ ಬೆಳಗಾದರೆ ಗ್ಲೌಸ್ ಸಿರಿಂಜು ಹುಡುಕುವುದು ನ್ಯಾಯವಲ್ಲ. ಮಕ್ಕಳ ಅಳತೆಗೆ 100 ಮಿ.ಗ್ರಾಂನ ಕ್ಯಾಪ್ಸೂಲೋ ಮಾತ್ರೆಯೋ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಲೇಬೇಕು. 1 ಮಿ.ಲೀ.ಗೆ 100 ಮಿ.ಗ್ರಾಂ ಇರುವ ದ್ರವ ಈಗ ಭಾರತದಲ್ಲೇ ತಯಾರಾಗುತ್ತಿದೆ. ಅದರಲ್ಲಾದರೆ ಇದೇ ಮಗುವಿಗೆ 1.8 ಮಿ.ಲೀ. ಎಳೆದರೆ ಮುಗಿಯಿತು. ಚಿಕ್ಕ ಮಗುವಿರುವವರು ಕೌಂಟರಿನಲ್ಲಿ ಅದನ್ನೇ ಹೆಸರಿಟ್ಟು ಕೇಳಬೇಕು.

ಮೊದಲ ಆರು ತಿಂಗಳು

ಹೆಚ್ಚಿನವರು ಕೈಬಿಡುವುದು ಎರಡನೇ ತಿಂಗಳಲ್ಲಿ. ಕಾರಣ ಸರಳ: ಏನೂ ಆದಂತೆ ಕಾಣುವುದಿಲ್ಲ. ನೋವಿನ ಮಾತ್ರೆ ಅರ್ಧ ಗಂಟೆಗೆ ಕೆಲಸ ಮಾಡಿದ್ದನ್ನು ಕಂಡವರು ಇದನ್ನೂ ಹಾಗೇ ಕಾಯುತ್ತಾರೆ. ಇದು ಮೂಳೆಯ ಮಜ್ಜೆಯಲ್ಲಿ ಹೊಸದಾಗಿ ಹುಟ್ಟುವ ಕಣಗಳನ್ನು ಬದಲಿಸುವ ಮದ್ದು. ವ್ಯತ್ಯಾಸ ಕಾಣಲು ಮೂರು ತಿಂಗಳು, ಸರಿಯಾಗಿ ತೀರ್ಮಾನಿಸಲು ಆರು ತಿಂಗಳು ಬೇಕು. ಆಗ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟು ಏರಿರುತ್ತದೆ, ಶಾಲೆ ತಪ್ಪುವುದು ಕಡಿಮೆಯಾಗಿರುತ್ತದೆ, ಆಯಾಸ ಇಳಿದಿರುತ್ತದೆ.

ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಉಗುರಿನಲ್ಲಿ ಕಪ್ಪು ಗೆರೆ ಮೂಡುವುದು, ಚರ್ಮ ಸ್ವಲ್ಪ ಕಪ್ಪಾಗುವುದು, ಕೂದಲು ಕೊಂಚ ತೆಳುವಾಗುವುದು ಉಂಟು, ಅಪಾಯದ್ದಲ್ಲ. ಒಂದು ದಿನ ಮರೆತರೆ ಮರುದಿನ ಎರಡಾಗಿ ನುಂಗಬಾರದು, ಮಾಮೂಲಿನಂತೆ ಮುಂದುವರಿಸಬೇಕು.

ರಕ್ತ ಪರೀಕ್ಷೆ ಬಿಟ್ಟರೆ ಮಾತ್ರೆಯನ್ನೂ ಬಿಟ್ಟಂತೆ

ಈ ಮದ್ದಿನ ಮುಖ್ಯ ಅಪಾಯ: ಬಿಳಿಕಣ, ಪ್ಲೇಟ್‌ಲೆಟ್ ವಿಪರೀತ ಇಳಿಯುವುದು. ಇದು ಹೊರಗೆ ಕಾಣುವುದಿಲ್ಲ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಶುರು ಮಾಡುವ ಮೊದಲು ಒಂದು ಸಲ, ಆಮೇಲೆ ನಾಲ್ಕು ವಾರಕ್ಕೊಮ್ಮೆ, ಅಳತೆ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಜೊತೆಗೆ ಆಗಾಗ ಯಕೃತ್ತು, ಮೂತ್ರಪಿಂಡದ ಪರೀಕ್ಷೆ.

ವರದಿ ಕೈಗೆ ಬಂದಾಗ ನೋಡಬೇಕಾದ್ದು ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿಕಣದ ಸಂಖ್ಯೆ. ಅನೇಕ ಲ್ಯಾಬುಗಳು ಅದನ್ನು ಶೇಕಡಾದಲ್ಲಷ್ಟೇ ಬರೆಯುತ್ತವೆ. ಒಟ್ಟು ಬಿಳಿಕಣ 6000, ನ್ಯೂಟ್ರೋಫಿಲ್ ಶೇ. 40 ಎಂದಿದ್ದರೆ ಲೆಕ್ಕ 2400, ಸರಿಯಾಗಿದೆ. 2000ಕ್ಕಿಂತ ಇಳಿದರೆ ಅಥವಾ ಪ್ಲೇಟ್‌ಲೆಟ್ 80,000ಕ್ಕಿಂತ ಇಳಿದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು ಎಂಬುದು ಔಷಧಿಯ ಚೀಟಿಯಲ್ಲಿರುವ ಗಡಿ; ಚಿಕ್ಕ ಮಕ್ಕಳಲ್ಲಿ ವೈದ್ಯರು ಇನ್ನೂ ಸ್ವಲ್ಪ ಕೆಳಗಿನದನ್ನೂ ಒಪ್ಪುವುದುಂಟು. ನಿಲ್ಲಿಸಿದ ಒಂದೆರಡು ವಾರದಲ್ಲಿ ಸಂಖ್ಯೆ ಮೇಲೆ ಬರುತ್ತದೆ, ಆಮೇಲೆ ಕೆ.ಜಿ.ಗೆ 5 ಮಿ.ಗ್ರಾಂ ಕಡಿಮೆ ಮಾಡಿ ಮತ್ತೆ ಶುರು ಮಾಡುತ್ತಾರೆ. ಒಮ್ಮೆ ನಿಲ್ಲಿಸಿದರು ಎಂದರೆ ಮಾತ್ರೆ ನಿಮಗೆ ಆಗಿಬರುವುದಿಲ್ಲ ಎಂದಲ್ಲ.

ಮಾತ್ರೆ ಸರಿಯಾಗಿ ಹೊಟ್ಟೆ ಸೇರುತ್ತಿದೆಯೇ ಎಂದು ಹೇಳುವುದು ಎಂಸಿವಿ, ಅಂದರೆ ಕೆಂಪುಕಣದ ಗಾತ್ರ. ಅದು ಏರಬೇಕು. ಪುಸ್ತಕಗಳಲ್ಲಿ 100 ದಾಟಬೇಕು ಎಂದಿರುತ್ತದೆ. ನಮ್ಮ ಬುಡಕಟ್ಟುಗಳಲ್ಲಿ ಆಲ್ಫಾ ಥಲಸ್ಸೀಮಿಯಾ ಕೂಡ ಜೊತೆಗಿರುವುದು ಸಾಮಾನ್ಯ, ಅಂಥವರಲ್ಲಿ ಎಂಸಿವಿ ಮೊದಲಿಂದಲೇ ಚಿಕ್ಕದು. 72 ಇದ್ದದ್ದು 84 ಆಗಿದ್ದರೆ ಅವರು ನಿಯಮವಾಗಿ ನುಂಗುತ್ತಿದ್ದಾರೆ ಎಂದೇ ಅರ್ಥ. ಮೊದಲ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಡಿ. ಅದಿಲ್ಲದೆ, 100 ದಾಟಿಲ್ಲ, ನೀನು ಮಾತ್ರೆ ತಗೊಂಡೇ ಇಲ್ಲ ಎಂದು ಬೈಸಿಕೊಳ್ಳುವ ಪಾಡು ರೋಗಿಗೆ ಬರುತ್ತದೆ.

ಮಾತ್ರೆ ಉಚಿತ, ಆದರೆ ಪ್ರತಿ ಪರೀಕ್ಷೆಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ರಕ್ತದ ಮಾದರಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆದು ಕಳಿಸುವ ವ್ಯವಸ್ಥೆ ಇದ್ದಲ್ಲಿ ಜನ ವರ್ಷಗಟ್ಟಲೆ ಮುಂದುವರಿಸುತ್ತಾರೆ. ಕೊಡಗಿನ ಕಾಫಿ ಕೊಯ್ಲಿಗೋ ವಯನಾಡಿನ ಶುಂಠಿ ಕೆಲಸಕ್ಕೋ ಹೋಗುವವರು ಹೊರಡುವ ವಾರದ ಮುಂಚೆಯೇ ಸಿಬಿಸಿ ಮಾಡಿಸಿ, ಅಲ್ಲಿರುವಷ್ಟೂ ದಿನಕ್ಕೆ ಮಾತ್ರೆ ಕೇಳಿ ಪಡೆಯಬೇಕು. ಊರಿನ ಸಣ್ಣ ಮೆಡಿಕಲ್ ಶಾಪುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಸ್ಟ್ರಿಪ್ಪಿನಿಂದ ಮೊದಲೇ ಬಿಡಿಸಿ ಡಬ್ಬಿಗೆ ಹಾಕಬಾರದು. ತೇವ ತಾಗಿದರೆ ಮದ್ದು ಹಾಳು. ಮಳೆಗಾಲದಲ್ಲಿ ಸ್ಟ್ರಿಪ್ ಸಮೇತ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಕ್ಯಾನ್ಸರ್ ಮಾತ್ರೆ ಎಂಬ ಹೆದರಿಕೆ

ಚೀಟಿ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ರಕ್ತದ ಕ್ಯಾನ್ಸರಿನ ಹೆಸರು. ನಿಜ, 1960ರ ದಶಕದಿಂದ ಇದನ್ನು ಅದಕ್ಕೆ ಬಳಸುತ್ತಿದ್ದಾರೆ. ಸಿಕಲ್ ಸೆಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಸಿಕಲ್ ಸೆಲ್ ರೋಗಿಗಳನ್ನು ದಶಕಗಳ ಕಾಲ ಗಮನಿಸಿದರೂ ಇದರಿಂದ ಕ್ಯಾನ್ಸರ್ ಹೆಚ್ಚಿತು ಎಂದು ಕಂಡುಬಂದಿಲ್ಲ. ಮಾತ್ರೆ ಕೊಡುವ ದಿನವೇ ಆಸ್ಪತ್ರೆಯವರು ಇದನ್ನು ಕನ್ನಡದಲ್ಲಿ, ಸಾಧ್ಯವಿದ್ದರೆ ಅವರ ನುಡಿಯಲ್ಲೇ, ಬಾಯಿಬಿಟ್ಟು ಹೇಳಬೇಕು. ಹೇಳದೆ ಕಳಿಸಿದರೆ, ಓದು ಬಲ್ಲ ಮಗನೋ ಪಕ್ಕದ ಮನೆಯವರೋ ಚೀಟಿ ಓದಿ ಹೇಳುತ್ತಾರೆ, ಮಾತ್ರೆ ಅಲ್ಲಿಗೆ ನಿಲ್ಲುತ್ತದೆ.

ನಿಜವಾದ ಎಚ್ಚರಿಕೆ ಬೇರೆ. ಬಸಿರಿನಲ್ಲಿ ಇದನ್ನು ತೆಗೆದುಕೊಳ್ಳಬಾರದು. ಮಗು ಬೇಕೆನ್ನುವವರು, ಹೆಣ್ಣಾಗಲಿ ಗಂಡಾಗಲಿ, ಕನಿಷ್ಠ ಮೂರು ತಿಂಗಳು ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗುವುದುಂಟು. ಗೊತ್ತಿಲ್ಲದೆ ಬಸಿರು ನಿಂತಿದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ತೋರಿಸಬೇಕು.

ಇದು ಮಾಡದ ಕೆಲಸಗಳು

ನೋವು ಬಂದಾಗ ಇನ್ನೊಂದು ಹೈಡ್ರಾಕ್ಸಿಯೂರಿಯಾ ನುಂಗಿದರೆ ಏನೂ ಉಪಯೋಗವಿಲ್ಲ. ಆಗ ಬೇಕಾದದ್ದು ಬೆಚ್ಚಗಿರುವುದು, ನೀರು ಕುಡಿಯುವುದು, ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್. ಅದಕ್ಕೆ ಬಗ್ಗದಿದ್ದರೆ ಆಸ್ಪತ್ರೆ. ಅಲ್ಲಿ ಬಂದ ಒಂದು ಗಂಟೆಯೊಳಗೆ ಗಟ್ಟಿ ನೋವಿನ ಔಷಧಿ ಸಿಗಬೇಕು ಎಂಬುದು ಚಿಕಿತ್ಸೆಯ ನಿಯಮ. ಜ್ವರ 101 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಮಲಗಿಸದೆ ಅದೇ ದಿನ ಕರೆದೊಯ್ಯಬೇಕು, ಏಕೆಂದರೆ ಈ ಮಕ್ಕಳ ಗುಲ್ಮ (ಸ್ಪ್ಲೀನ್) ಸೋಂಕಿನ ಜೊತೆ ಹೋರಾಡುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಕ್ಯಾಪ್ಸೂಲ್ ಶುರುವಾಯಿತೆಂದು ಪೆನಿಸಿಲಿನ್ ಆಗಲಿ ನ್ಯುಮೋಕಾಕಲ್ ಲಸಿಕೆಯಾಗಲಿ ಬಿಡುವಂತಿಲ್ಲ. ಮಗು ಇದ್ದಕ್ಕಿದ್ದಂತೆ ಬಿಳುಚಿ, ಎಡ ಪಕ್ಕೆಲುಬಿನ ಕೆಳಗೆ ಗಡ್ಡೆಯಂತೆ ಕೈಗೆ ಸಿಕ್ಕರೆ ರಕ್ತ ಗುಲ್ಮದಲ್ಲಿ ತುಂಬಿಕೊಳ್ಳುತ್ತಿರಬಹುದು, ತಡ ಮಾಡಬಾರದು. ಎದೆನೋವಿನ ಜೊತೆ ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಆಗಲೇ ಸವೆದ ಸೊಂಟದ ಕೀಲನ್ನು ಈ ಮದ್ದು ಸರಿಮಾಡಲಾರದು. ತೊಡೆಸಂದಿಯಲ್ಲಿ ನೋವು, ಕುಂಟುನಡಿಗೆ ಕಂಡರೆ ಮೂಳೆ ವೈದ್ಯರಿಗೆ ತೋರಿಸಬೇಕು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆಯನ್ನು ತಾವಾಗಿಯೇ ಸೇರಿಸಿಕೊಳ್ಳುವುದೂ ತಪ್ಪು. ಇಲ್ಲಿ ಕಣ ಒಡೆದು ರಕ್ತ ಕಡಿಮೆಯಾಗಿರುತ್ತದೆ. ಪದೇ ಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ನೋಡಿ ಕೊರತೆ ಇದೆ ಎಂದು ಗೊತ್ತಾದರೆ ಮಾತ್ರ ಕಬ್ಬಿಣ.

ಬೇರೆ ದಾರಿ ಇದೆಯೇ

ವಾಕ್ಸೆಲೋಟರ್ ಎಂಬ ಹೊಸ ಮಾತ್ರೆಯನ್ನು ತಯಾರಕರೇ 2024ರ ಸೆಪ್ಟೆಂಬರಿನಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅಮೆರಿಕ 2023ರ ಡಿಸೆಂಬರಿನಲ್ಲಿ ಒಪ್ಪಿದ ಜೀನ್ ಚಿಕಿತ್ಸೆ ಕ್ಯಾಸ್‌ಜೆವಿಯ ಬೆಲೆ 22 ಲಕ್ಷ ಡಾಲರ್. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಕಸಿ ಮಾಡಿ ಗುಣಪಡಿಸಬಹುದು, ಆದರೆ ಒಬ್ಬ ಒಡಹುಟ್ಟಿನದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಒಡಹುಟ್ಟಿದವರಿದ್ದರೆ ಮಗು ಚಿಕ್ಕದಿರುವಾಗಲೇ ಕಸಿ ಕೇಂದ್ರಕ್ಕೆ ತೋರಿಸುವುದು ಒಳ್ಳೆಯದು. ಅಲ್ಲಿ ಸರದಿ ಬರುವವರೆಗೂ ಹೈಡ್ರಾಕ್ಸಿಯೂರಿಯಾ ನಿಲ್ಲಿಸುವಂತಿಲ್ಲ. ಯಾವಾಗ ನಿಲ್ಲಿಸಬೇಕೆಂದು ಕಸಿ ವೈದ್ಯರೇ ಹೇಳುತ್ತಾರೆ.